ಮುಟ್ಟಬಾರದ ರಾತ್ರಿ

ಐದು ವರ್ಷದ ಗುಬ್ಬಿ ಗೊರಕೆ ಹೊಡೆಯುತ್ತಿರುವಷ್ಟು ಹೊತ್ತು ಅವಳಪ್ಪನಿಗೆ ನೆಮ್ಮದಿ. ಗೊರಕೆ ನಿಂತರೇ ಎದೆ ಧಸಕ್ಕೆನ್ನುತ್ತಿತ್ತು. ಉಸಿರು ಎಲ್ಲೋ ಸಿಕ್ಕಿಕೊಂಡು ಪುಟ್ಟ ಎದೆಗೂಡು ಮಾತ್ರ ಎಳೆದಾಡುವಾಗ, ಅವನು ಭುಜ ಹಿಡಿದು ಅವಳನ್ನು ಮಗ್ಗುಲಿಗೆ ಹೊರಳಿಸುತ್ತಿದ್ದ. ಅವಳಿಗೆ ಉಸಿರು ಬರುತ್ತಿತ್ತು, ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಹಗಲೆಲ್ಲ ಅವಳು ಶಾಲೆಯಲ್ಲಿ ತೂಕಡಿಸಿದರೆ, ಇವನು ತನ್ನ ಕಟಿಂಗ್ ಶಾಪಿನಲ್ಲಿ ಕತ್ತರಿ ಹಿಡಿದೇ ತೂಕಡಿಸುತ್ತಿದ್ದ. ಒಂದು ದಿನ ಗಿರಾಕಿಯೊಬ್ಬನ ಕಿವಿಗೆ ಗಾಯವಾಯಿತು.

“ನಿಮ್ಮಿಬ್ಬರ ನಿದ್ದೆ ಹೋಗಿದ್ದು ಸಾಲದು ಅಂತ ಈಗ ಊರವರ ಕಿವೀಗೂ ಬಂತು. ಮೊದ್ಲು ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗ್ರೀ” ಎಂದಳು ಹೆಂಡತಿ.

ಡಾಕ್ಟರು ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದರು. “ಟಾನ್ಸಿಲ್ ಊದಿದೆ. ಆದ್ರೆ ಆಪರೇಷನ್ನಿಗೆ ಮುಂಚೆ, ನಿದ್ದೇಲಿ ಉಸಿರು ಹೇಗೆ ಕಟ್ಟುತ್ತೆ ಅಂತ ಒಂದು ರಾತ್ರಿ ಅಳೀಬೇಕು.”

ಆ ರಾತ್ರಿ ಆಸ್ಪತ್ರೆಯ ನಿದ್ದೆ ಪರೀಕ್ಷೆಯ ಕೋಣೆಯಲ್ಲಿ ಟೆಕ್ನಿಷಿಯನ್ ಹುಡುಗಿ ಗುಬ್ಬಿಯ ತಲೆಗೆ ವೈರುಗಳನ್ನು ಅಂಟಿಸಿ, ಎದೆಗೆ ಪಟ್ಟಿ ಬಿಗಿದು, ಬೆರಳಿಗೆ ಕೆಂಪು ದೀಪದ ಕ್ಲಿಪ್ ಹಾಕಿದಳು.

“ಅಪ್ಪಾ, ನನ್ನ ಟೀವಿ ಮಾಡ್ತಿದಾರಾ?”

“ಹೂಂ ಕಣೇ. ನಿನ್ನ ಕನಸು ನೋಡ್ಬೇಕಂತೆ.”

ಹುಡುಗಿ ಅವನತ್ತ ತಿರುಗಿ, “ಅಣ್ಣಾ, ಇವಳನ್ನ ಮುಟ್ಟಬೇಡಿ. ಹೆಚ್ಚುಕಮ್ಮಿ ಆದ್ರೆ ಓಡಿ ಬರೋದು ನನ್ನ ಕೆಲಸ” ಎಂದು ಹೇಳಿ ಕಂಪ್ಯೂಟರ್ ಪರದೆಯಿದ್ದ ಪಕ್ಕದ ಕೋಣೆಗೆ ಹೋದಳು.

ಗೊರಕೆ ಶುರುವಾಯಿತು, ನಿಂತಿತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಎದ್ದ. ಮತ್ತೆ ಕೂತ. ಕೊನೆಗೆ ಕೈ ಅವನ ಮಾತು ಕೇಳಲಿಲ್ಲ. ಮಗಳನ್ನು ಹೊರಳಿಸಿಯೇ ಬಿಟ್ಟಿತು. ಆಮೇಲೂ ಗೊರಕೆ ನಿಂತಾಗಲೆಲ್ಲ ಹಾಗೇ ಮಾಡಿದ. ಹುಡುಗಿ ಬಾಗಿಲಲ್ಲಿ ಬಂದು ನಿಂತಳು.

“ನೀವು ಹೀಗೇ ಕಾಪಾಡ್ತಾ ಇದ್ರೆ, ಮಗು ಚೆನ್ನಾಗಿದೆ ಅಂತ ರಿಪೋರ್ಟ್ ಬರುತ್ತೆ ಅಣ್ಣಾ. ಆಮೇಲೆ ಇವಳಿಗೆ ಚಿಕಿತ್ಸೆ ಯಾರು ಕೊಡ್ತಾರೆ?”

ಅವನು ತಲೆ ತಗ್ಗಿಸಿ ಅವಳ ಹಿಂದೆಯೇ ಹೋಗಿ ಪರದೆಯ ಮುಂದೆ ಕೂತ. ಗೆರೆಗಳು ಓಡುತ್ತಿದ್ದವು. ಉಸಿರಿನ ಗೆರೆ ಒಮ್ಮೆಲೇ ಮಟ್ಟಸವಾಗಿ ಮಲಗಿಬಿಟ್ಟಿತು.

“ಹೋಗಮ್ಮಾ, ಎಬ್ಬಿಸು!”

“ನೋಡ್ತಾ ಇದೀನಿ. ತಡೀರಿ.”

ಅವನು ಕುರ್ಚಿಯ ಅಂಚಿಗೆ ಜಾರಿದ. ತನ್ನ ಉಸಿರನ್ನೂ ಬಿಗಿಹಿಡಿದಿದ್ದ. ಅಷ್ಟರಲ್ಲಿ ಮೇಲಿನ ಮಿದುಳಿನ ಗೆರೆಗಳು ಗಿಜಿಬಿಜಿ ಎದ್ದವು. ಕೆಳಗೆ ಉಸಿರೂ ಎದ್ದಿತು.

“ಮಿದುಳು ಎಚ್ಚರ ಆಗಿ ಉಸಿರನ್ನ ಎಳ್ಕೊಳ್ತು” ಎಂದಳು ಹುಡುಗಿ. “ಬೆಳಿಗ್ಗೆ ಕೇಳಿದ್ರೆ, ಚೆನ್ನಾಗಿ ನಿದ್ದೆ ಮಾಡ್ದೆ ಅಂತಾಳೆ.”

“ರಾತ್ರಿಯೆಲ್ಲ ಒಬ್ಬಳೇ ಗುದ್ದಾಡ್ತಾಳಲ್ಲಮ್ಮಾ” ಎಂದ. ಬೆಳಗಾಗುವವರೆಗೂ ಅವನು ಆ ಗೆರೆಗಳ ಮುಂದಿನಿಂದ ಕದಲಲಿಲ್ಲ, ಆದರೆ ಮಗಳ ಕೋಣೆಗೂ ಹೋಗಲಿಲ್ಲ.

ವರದಿ ನೋಡಿದ ಡಾಕ್ಟರು ತಡಮಾಡದೆ ಆಪರೇಷನ್ ಮಾಡಿದರು. ಗಂಟಲು ಮಾಗಿದ ಮೇಲೆ ಗುಬ್ಬಿ ಸದ್ದಿಲ್ಲದೆ ಮಲಗತೊಡಗಿದಳು. ಆ ಮೌನ ಅವನಿಗೆ ಗೊರಕೆಗಿಂತ ಕಷ್ಟವಾಯಿತು. ಹೊರಳಾಡಿ ಹೊರಳಾಡಿ, ಕೊನೆಗೆ ಅವಳ ಮೂಗಿನ ಕೆಳಗೆ ಬೆರಳಿಟ್ಟ.

“ಅಪ್ಪಾ! ಕಚಗುಳಿ ಆಗುತ್ತೆ. ನಿದ್ದೆ ಮಾಡಕ್ಕೆ ಬಿಡು!”

“ಹಾಸಿಗೆ ಎತ್ಕೊಂಡು ಹೊರಗಿನ ಕೋಣೆಗೆ ನಡೀರಿ” ಎಂದಳು ಹೆಂಡತಿ, ಕಣ್ಣು ಬಿಡದೆಯೇ.

ಅವನು ಹೋದ. ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.