ಕೈಗೆ ಕೇಳಿಸಿದ್ದು

ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಶೀಘ್ರಲಿಪಿಕಾರನಾಗಿದ್ದವನಿಗೆ ಹೆಂಡತಿ ಇಟ್ಟ ಹೆಸರು ಟೇಪು. ಸಾಕ್ಷಿ ಬಡಬಡಿಸಲಿ, ವಕೀಲ ಗುಡುಗಲಿ, ಒಂದಕ್ಷರ ಬಿಡದೆ ಗೀಟು ಗೀಟಾಗಿ ಬರೆದುಕೊಳ್ಳುತ್ತಿದ್ದ. ಇದರ ಗುಟ್ಟು ಅವನೊಬ್ಬನಿಗೇ ಗೊತ್ತು. ಮಾತು ಕಿವಿಯಿಂದ ನೇರ ಬೆರಳಿಗೆ ಇಳಿಯುತ್ತಿತ್ತು, ತಲೆಗೆ ತೊಂದರೆಯೇ ಕೊಡುತ್ತಿರಲಿಲ್ಲ. ಕೈ ದುಡಿಯುವಾಗ ತಲೆ ಹಾಯಾಗಿ ಊರು ಸುತ್ತಿ ಬರುತ್ತಿತ್ತು.

ಮನೆಯಲ್ಲೂ ಅದೇ ವಿದ್ಯೆ. "ನಾನು ಹೇಳಿದ್ದು ಕೇಳಿಸ್ತಾ?" ಎಂದು ಹೆಂಡತಿ ಸಿಡುಕಿದರೆ ಅವಳ ಕೊನೆಯ ವಾಕ್ಯವನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದ. "ಗಿಣಿನೂ ಒಪ್ಸತ್ತೆ" ಎಂದು ಅವಳು ಎದ್ದು ಹೋಗುತ್ತಿದ್ದಳು. ಗೆದ್ದೆನೆಂದು ಇವನು ಬೀಗುತ್ತಿದ್ದ. ಗೆದ್ದದ್ದೇನು, ಮಣ್ಣು!

ಆ ಶನಿವಾರ ಕಚೇರಿಯಲ್ಲಿ ಕೂತು, ಎರಡು ಮನೆಗಳ ನಡುವಿನ ಗೋಡೆ ಜಗಳದ ಸಾಕ್ಷ್ಯವನ್ನು ತನ್ನ ಪುಸ್ತಕ ನೋಡಿ ಟೈಪು ಮಾಡುತ್ತಿದ್ದ. ಗೋಡೆ ಅರ್ಧ ಅಡಿ ಈಚೆ ಬಂದಿದೆ ಎಂದಿದ್ದ ಸಾಕ್ಷಿ. ಹಾಳೆ ಮಗುಚಿದರೆ ಮುಂದಿನ ಸಾಲು ಹೀಗಿತ್ತು: "ಗುರುವಾರ ಹತ್ತಕ್ಕೆ ಆಸ್ಪತ್ರೆಗೆ ಬನ್ನಿ ಅಂದಿದಾರೆ. ಕುತ್ತಿಗೆ ಗಂಟಿಂದ ಒಂದು ಚೂರು ತೆಗೆದು ನೋಡ್ತಾರಂತೆ. ಒಬ್ಳೇ ಹೋಗೋಕೆ ಧೈರ್ಯ ಸಾಲ್ತಿಲ್ಲ ಕಣೋ. ಬರ್ತೀಯಾ?" ಅದನ್ನೂ ಟೈಪು ಮಾಡಿದ. ಕೆಳಗೆ "ಹೂಂ, ಆಯ್ತಕ್ಕ" ಎಂದಿತ್ತು. ಅದನ್ನೂ ಮಾಡಿದ. ಆಮೇಲೆ ಬೆರಳು ನಿಂತಿತು.

ಪ್ರತಿ ಭಾನುವಾರ ಬೆಳಿಗ್ಗೆ ಅಕ್ಕ ಫೋನು ಮಾಡುತ್ತಿದ್ದಳು. ತಾಯಿ ತೀರಿದ ಮೇಲೆ ಇವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು, ಈಗ ಒಂಟಿ. ಇವನ ಕಣ್ಣು ಪೇಪರಿನ ಮೇಲೆ, ಬಾಯಿ ಹೂಂಗುಡಲು, ಕೈ ತನ್ನಷ್ಟಕ್ಕೆ ಮನೆಗೆ ತಂದಿದ್ದ ಕೋರ್ಟಿನ ಪುಸ್ತಕದಲ್ಲಿ. ಅಕ್ಕನ ಭಯವನ್ನು ಕೈ ಕೇಳಿಸಿಕೊಂಡಿತ್ತು. ಇವನು ಕೇಳಿಸಿಕೊಂಡಿರಲಿಲ್ಲ.

ಗುರುವಾರ ನ್ಯಾಯಾಧೀಶರು ರಜೆಯಲ್ಲಿದ್ದರು. ಹತ್ತು ಗಂಟೆಗೆ ಇವನು ಮನೆಯಲ್ಲಿ ಕಾಲು ಚಾಚಿ ಮಲಗಿದ್ದ. ಅದು ನೆನಪಾದದ್ದೇ ಟೈಪನ್ನು ಅರ್ಧಕ್ಕೆ ಬಿಟ್ಟು ಅಕ್ಕನ ಮನೆಗೆ ಓಡಿದ.

ಬಾಗಿಲು ತೆಗೆದ ಅಕ್ಕನ ಕುತ್ತಿಗೆಗೆ ಅಂಗೈಯಗಲದ ಪಟ್ಟಿ ಅಂಟಿತ್ತು.

"ಬಾ, ಕೂತ್ಕೋ. ಟೀ ಇಡ್ಲಾ?"

"ಅಕ್ಕ, ಗುರುವಾರ..."

"ಹೋಗ್ಲಿ ಬಿಡೋ. ಏನೋ ಕೆಲಸ ಬಂದಿರತ್ತೆ."

ನೆಪವನ್ನು ಅವಳೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದಳು, ಹೂಂ ಎಂದರೆ ಸಾಕಿತ್ತು. ಹೂಂ ಎನ್ನುವುದರಲ್ಲಂತೂ ಅವನು ಪಳಗಿದವನು.

"ಕೆಲಸ ಇರ್ಲಿಲ್ಲ. ನೀನು ಹೇಳಿದ್ದನ್ನ ನಾನು ಕೇಳಿಸ್ಕೊಂಡೇ ಇರ್ಲಿಲ್ಲ."

"ಆಯ್ತಕ್ಕ ಅಂದ್ಯಲ್ಲೋ!"

"ಅಂದೆ." ಪುಸ್ತಕದ ಕಥೆ ಹೇಳಿದ. ಹೇಳುತ್ತ ಹೇಳುತ್ತ ತಲೆ ಮೊಣಕಾಲಿಗೆ ಬಂದಿತ್ತು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಈಗ ಹೇಳಕ್ಕ."

ಅವಳು ಕಿಟಕಿಯ ಕಡೆ ತಿರುಗಿ ಶುರುಮಾಡಿದಳು. ಇವನ ತೋರುಬೆರಳು ತೊಡೆಯ ಮೇಲೆ ಆಗಲೇ ಗೀಟು ಎಳೆಯುತ್ತಿತ್ತು. ನಾಚಿಕೆಗೆಟ್ಟ ಬೆರಳು! ಬಲಗೈಯನ್ನು ತೊಡೆಯ ಅಡಿಗೆ ತುರುಕಿ, ಅದರ ಮೇಲೆ ಭಾರ ಹಾಕಿ ಕೂತ.

"ಹತ್ತೂವರೆವರೆಗೂ ಗೇಟ್ ಹತ್ರಾನೇ ನಿಂತಿದ್ದೆ. ಬರೋ ಬಸ್ಸೆಲ್ಲಾ ನಿಂದೇ ಅನ್ಸೋದು. ಒಳಗೆ ಹೋದ್ರೆ ಫಾರ್ಮಲ್ಲಿ ಮನೆಯವರ ಸಹಿ ಬೇಕು ಅಂದ್ರು. ತಮ್ಮ ಬರ್ತಿದಾನೆ, ಈಗ ಬರ್ತಾನೆ ಅಂತ ಎಲ್ಲರ ಹತ್ರಾನೂ ಹೇಳ್ತಾನೇ ಇದ್ದೆ. ಕೊನೆಗೆ ಪಕ್ಕದ ಕುರ್ಚೀಲಿದ್ದ ಮುದುಕಪ್ಪ ತಡೀಲಾರದೆ ತಾನೇ ಸಹಿ ಹಾಕಿದ. ಸಂಬಂಧ ಅನ್ನೋ ಕಡೆ ತಮ್ಮ ಅಂತ ಬರ್ದ. ಎಂಬತ್ತು ವರ್ಷದೋನು, ನನ್ ತಮ್ಮ!"

ಅವಳು ನಕ್ಕಳು. ಇವನಿಗೆ ನಗು ಬರಲಿಲ್ಲ. ಎಲ್ಲಿಯವನೋ ಏನೋ, ಪುಣ್ಯಾತ್ಮ, ಇವನ ಜಾಗದಲ್ಲಿ ಕೂತು ಅಕ್ಕನ ಮಾತು ಕೇಳಿದ್ದ. ಅವಳು ಇನ್ನೂ ಏನೇನೋ ಹೇಳಿದಳು, ನಿಧಾನವಾಗಿ, ತಡೆತಡೆದು.

"ಈಗ ಒಪ್ಸು ನೋಡೋಣ. ಕೊನೇಲಿ ಏನಂದೆ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗೆ ವಾಕ್ಯ ಸಿಗಲಿಲ್ಲ.

"ಮಾತು ನೆನಪಿಲ್ಲಕ್ಕ. ನಿಂಗೆ ತುಂಬಾ ಹೆದರಿಕೆ ಆಗಿತ್ತು. ಇನ್ನೂ ಇದೆ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಮೆಲ್ಲಗೆ, "ರಿಸಲ್ಟು ಯಾವಾಗ ಅಂದೆ?" ಎಂದು ಕೇಳಿದ. ಕೇಳುವಾಗ ಅಭ್ಯಾಸಬಲದಿಂದ ಎಡಗೈ ಜೇಬಿನ ಪೆನ್ನಿಗೆ ಹೋಗಿತ್ತು.

"ಸೋಮವಾರ, ಹತ್ತಕ್ಕೆ," ಎಂದಳು ಅಕ್ಕ, ಆ ಕೈಯನ್ನೇ ನೋಡುತ್ತ. "ಬರ್ಕೋಬೇಡ. ಬಾ."