ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ

ಐವತ್ತು ದಾಟಿದ ಗಂಡಸನ್ನು ತಮ್ಮ ಎಂದು ಕರೆದರೆ ಕೇಳುವವರಿಗೆ ನಗು ಬರಬಹುದು. ಆದರೆ ಇವನಿಗೆ ಬೇರೆ ಹೆಸರು ಹೊಂದುವುದಿಲ್ಲ. ಇವನು ಯಾರಿಗೂ ಗಂಡನಾಗಲಿಲ್ಲ, ಅಪ್ಪನಾಗಲಿಲ್ಲ, ಕೊನೆಗೆ ಯಾರದೋ ಮನೆಗೆ ಅಳಿಯನಾಗಿ ಹೋಗಿ ಮುಖ ಊದಿಸಿಕೊಂಡು ಕೂರುವ ಭಾಗ್ಯವೂ ಸಿಗಲಿಲ್ಲ. ಹುಟ್ಟಿದಂದಿನಿಂದ ಅಕ್ಕನಿಗೆ ತಮ್ಮನಾಗಿದ್ದ, ಅಷ್ಟೇ. ಆ ಕೆಲಸವನ್ನು ಮಾತ್ರ ಒಂದು ದಿನವೂ ರಜೆ ಹಾಕದೆ ಮಾಡಿದ್ದ.

ಹೊಟ್ಟೆಪಾಡಿಗೆ ಹಲ್ಲುಸೆಟ್ಟು ಮಾಡುತ್ತಿದ್ದ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಹಿಂದಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಅದಕ್ಕೆ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಊರಿನಲ್ಲಿ ಎಷ್ಟೋ ಜನ ಇವನು ಮಾಡಿದ ಹಲ್ಲು ತೋರಿಸಿ ನಗುತ್ತಿದ್ದರು. ಅವರಲ್ಲಿ ಒಬ್ಬರೂ ಇವನ ಮುಖ ನೋಡಿದವರಲ್ಲ.

ಅಕ್ಕ ಶಾಲೆಯ ವ್ಯಾನು ಓಡಿಸುತ್ತಿದ್ದಳು. ಪ್ರತಿ ಶನಿವಾರ ಮಧ್ಯಾಹ್ನ ಇಬ್ಬರೂ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸಿ, ಅದರ ಮೇಲೆ ಸಣ್ಣ ಮೋಟಾರು ದೋಣಿ ಹೇರಿಕೊಂಡು ಜಲಾಶಯಕ್ಕೆ ಹೋಗುವುದು ವಾಡಿಕೆ. ಅಲ್ಲಿ ದೋಣಿಗಳನ್ನು ನೀರಿಗಿಳಿಸಲು ಸಿಮೆಂಟಿನ ಇಳಿಜಾರು ಇದೆ. ಎಂಥ ಟ್ರೇಲರನ್ನಾದರೂ ಅಕ್ಕ ಕನ್ನಡಿ ನೋಡಿಕೊಂಡೇ ಆ ಇಳಿಜಾರಿನಲ್ಲಿ ಗೆರೆ ಎಳೆದಂತೆ ಹಿಂದಕ್ಕೆ ಬಿಡುತ್ತಿದ್ದಳು. ಆದರೆ ನೀರೆಂದರೆ ಅವಳಿಗೆ ಜೀವಭಯ. ದೋಣಿಗೆ ಕಾಲಿಟ್ಟವಳೇ ಅಲ್ಲ. ಮಡಿಸುವ ಕುರ್ಚಿ ಹಾಕಿಕೊಂಡು ದಡದಲ್ಲಿ ಕೂತು ಅವನು ಬರುವವರೆಗೂ ನೀರಿನ ಕಡೆಗೇ ನೋಡುತ್ತಿದ್ದಳು. ತಮ್ಮ ನಡುನೀರಿನಲ್ಲಿ ಮೋಟಾರು ನಿಲ್ಲಿಸಿ, ತಿರುಗಿ ನೋಡಿ, ಆ ಚುಕ್ಕೆಯಂಥ ಕುರ್ಚಿ ಕಂಡಮೇಲೆಯೇ ಗಾಳ ಹಾಕುತ್ತಿದ್ದುದು.

ಇಂಥ ಅಕ್ಕ ಹೋದ ವರ್ಷ, ಐವತ್ತೆಂಟನೇ ವಯಸ್ಸಿನಲ್ಲಿ, ಮದುವೆಯಾಗಿಬಿಟ್ಟಳು. ವರ ಪರವೂರಿನಿಂದ ಬಂದು ನೆಲಕ್ಕೆ ಟೈಲ್ಸ್ ಹಾಕುತ್ತಿದ್ದವನು, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನು. ಅವನ ಹಲ್ಲುಸೆಟ್ಟು ಮಾಡಿದ್ದು ಬೇರೆ ಯಾರೂ ಅಲ್ಲ, ನಮ್ಮ ತಮ್ಮನೇ. ಅಕ್ಕ ಅದನ್ನು ಕ್ಲಿನಿಕ್ಕಿಗೆ ತಲುಪಿಸಲು ಹೋದವಳು ಅಲ್ಲಿ ಕಾಯುತ್ತಿದ್ದವನ ಜೊತೆ ಮಾತಿಗೆ ಕೂತಳು. ಆ ಹಲ್ಲನ್ನು ಸ್ವಲ್ಪ ಸೊಟ್ಟಗೆ ಕೂರಿಸಿದ್ದರೂ ಸಾಕಿತ್ತು ಎಂದು ತಮ್ಮ ಆಮೇಲೆ ಎಷ್ಟು ಸಲ ಅಂದುಕೊಂಡನೋ.

ಮದುವೆಯ ದಿನ ಎಲ್ಲರ ಎದುರು ಚೆನ್ನಾಗಿಯೇ ನಕ್ಕ. ಅಕ್ಕ ರೈಲು ಹತ್ತಿ ಗಂಡನ ಊರಿಗೆ ಹೋದಳು. ಅವತ್ತೇ ಸಂಜೆ ಫೋನು ಮಾಡಿದಳು, ಇವನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಅವಳು ಬಿಡಲಿಲ್ಲ, ದಿನಾ ದೀಪ ಹಚ್ಚುವ ಹೊತ್ತಿಗೆ ಫೋನು ಬರುತ್ತಿತ್ತು. ಇವನು ಅದನ್ನು ಮೇಜಿನ ಮೇಲೆ ಹಲ್ಲಿನ ಅಚ್ಚುಗಳ ನಡುವೆ ಇಟ್ಟುಕೊಂಡು, ನಿಲ್ಲುವವರೆಗೂ ನೋಡುತ್ತ ಕೂರುತ್ತಿದ್ದ. ಇವನ ಲೆಕ್ಕಾಚಾರ ಸರಳವಾಗಿತ್ತು. ಒಂದಲ್ಲ ಒಂದು ದಿನ ಅವಳ ಎದೆ ಧಸಕ್ಕೆನ್ನುತ್ತದೆ. ತಮ್ಮನಿಗೆ ಏನಾಯಿತೋ ಎಂದು ಎಲ್ಲ ಬಿಟ್ಟು ಓಡಿ ಬರುತ್ತಾಳೆ. ಬಾಗಿಲಲ್ಲಿ ನಿಂತು ಅಳುತ್ತಾಳೆ. ಆಗ ಇವನು ಒಳಗೆ ಬಾ ಎನ್ನುತ್ತಾನೆ. ಗಡ್ಡ ನೆರೆತ ಮನುಷ್ಯ ಇಷ್ಟು ಎಳೆಯ ಆಸೆ ಇಟ್ಟುಕೊಳ್ಳಬಾರದು, ನಿಜ. ಆದರೆ ಇಟ್ಟುಕೊಂಡಿದ್ದ, ಅದರ ಮೇಲೆಯೇ ದಿನ ದೂಡುತ್ತಿದ್ದ.

ಅಕ್ಕ ಹೋದಮೇಲೆ ದೋಣಿ ಹೊದಿಕೆಯ ಕೆಳಗೇ ಇತ್ತು. ಕೊನೆಗೊಂದು ಶನಿವಾರ ಗೋಡೆ ನೋಡಿ ನೋಡಿ ಸಾಕಾಗಿ ಒಬ್ಬನೇ ಹೊರಟ.

ಇಳಿಜಾರಿಗೆ ಅದರದೇ ಒಂದು ಮರ್ಯಾದೆ ಇದೆ. ಸಾಮಾನು ತುಂಬುವುದು, ಪಟ್ಟಿ ಬಿಚ್ಚುವುದು, ದೋಣಿಯ ತಳದ ತೂತಿಗೆ ಬಿರಡೆ ಹಾಕುವುದು, ಹಗ್ಗ ಕಟ್ಟುವುದು ಎಲ್ಲವನ್ನೂ ಮೇಲಿನ ಬಯಲಿನಲ್ಲಿ ಮುಗಿಸಿಕೊಂಡೇ ಸಾಲಿಗೆ ಬರಬೇಕು. ಇಳಿಜಾರಿಗೆ ಬಂದಮೇಲೆ ಇಳಿಸು, ಪಕ್ಕಕ್ಕೆ ಸರಿ, ಮುಂದಿನವರಿಗೆ ಜಾಗ ಬಿಡು. ತಮ್ಮನಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಆದರೆ ಆ ಕೆಲಸಗಳನ್ನೆಲ್ಲ ಅಕ್ಕ ಮಾಡುತ್ತಿದ್ದಳು; ಅಷ್ಟು ವರ್ಷವೂ ಇವನು ಆ ಹೊತ್ತಿನಲ್ಲಿ ಕಾಫಿ ಕುಡಿಯುತ್ತಿದ್ದ. ಹಾಗಾಗಿ ಸೀದಾ ಇಳಿಜಾರಿಗೇ ಬಂದ. ಸ್ಟಿಯರಿಂಗು ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೊರಳಿತು, ಎಡಕ್ಕೆ ತಿರುಗಿಸಿದರೆ ಅಡ್ಡಡ್ಡ ನಿಂತಿತು. ಇಳಿದು ಪಟ್ಟಿ ಬಿಚ್ಚಲು ಹೋದರೆ ಕೊಕ್ಕೆಯನ್ನು ಯಾವ ಕಡೆ ಎಳೆಯಬೇಕೆಂದೇ ತಿಳಿಯಲಿಲ್ಲ. ಹಿಂದಿನ ಸಾಲಿನಿಂದ ಹಾರ್ನು ಶುರುವಾಯಿತು.

"ಯಜಮಾನ್ರೇ, ಅಲ್ಲೇ ಮನೆ ಕಟ್ಕೊಂಡು ಇದ್ಬಿಡ್ತೀರಾ?" ಎಂದು ಯಾರೋ ಕೂಗಿದರು.

ಬೆವರಿ ನೀರಾದ ಅವನ ಸಹಾಯಕ್ಕೆ ಬಂದವಳು ಸಾಲಿನಲ್ಲಿ ಹಿಂದೆಯೇ ಇದ್ದ ಒಬ್ಬ ದಪ್ಪನೆಯ ಹೆಂಗಸು. ಪೇಟೆಯಲ್ಲಿ ಬೇಕರಿ ಇಟ್ಟವಳಂತೆ. ಅವಳು ನೀರಿನಂಚಿನಲ್ಲಿ ನಿಂತು ಕೈಸನ್ನೆ ಮಾಡಿ ಟ್ರೇಲರ್ ನೆಟ್ಟಗೆ ಮಾಡಿಸಿದಳು, ಬಿರಡೆ ಹಾಕಿದ್ದೀರಾ ಎಂದು ಕೇಳಿದಳು, ಹಾಕಿಲ್ಲ ಎಂದು ಗೊತ್ತಾದಾಗ ಬೈಯಲಿಲ್ಲ, ತಾನೇ ಬಗ್ಗಿ ಹಾಕಿದಳು.

ದೋಣಿ ನೀರಿಗಿಳಿಯಿತು. ಕಾರು ಮತ್ತು ಟ್ರೇಲರನ್ನು ಮೇಲೆ ನಿಲ್ಲಿಸಿ ಬರುವಷ್ಟರಲ್ಲಿ ಕಾವಲುಗಾರ ಅಡ್ಡ ನಿಂತ. ಈ ವರ್ಷ ಹೊಸದಾಗಿ ಬಂದವನು, ಇವನನ್ನೂ ಅಕ್ಕನನ್ನೂ ಕಂಡವನಲ್ಲ.

"ಒಬ್ರೇ ಹೋಗ್ತಿದ್ದೀರಾ? ಬೋರ್ಡ್ ಓದಿದ್ರಾ? ಒಬ್ರೇ ಹೋಗೋರು ದಡದಲ್ಲಿ ಒಬ್ರಿಗೆ ಹೇಳಿ ಹೋಗ್ಬೇಕು. ಎಲ್ಲಿಗೆ ಹೋಗ್ತೀರಿ, ಯಾವಾಗ ಬರ್ತೀರಿ, ಎಲ್ಲ. ವಾಪಸ್ ಬಂದಮೇಲೆ ಅವರಿಗೆ ಬಂದೆ ಅಂತ ತಿಳಿಸ್ಬೇಕು. ಮನೇಲಿ ಯಾರಿದ್ದಾರೆ? ಅವರ ಫೋನ್ ನಂಬರ್ ಹೇಳಿ."

ಅಕ್ಕನ ನಂಬರು ಇವನ ನಾಲಿಗೆಯ ತುದಿಯಲ್ಲೇ ಇತ್ತು.

"ನನಗೆ ಯಾರೂ ಇಲ್ಲ," ಎಂದ.

ಹೇಳುವಾಗ ಒಳಗೊಂದು ಹಿತವಾದ ನೋವು ಆಯಿತು, ನೋಯುವ ಹಲ್ಲನ್ನು ಬೇಕೆಂದೇ ನಾಲಿಗೆಯಿಂದ ಒತ್ತಿದ ಹಾಗೆ.

"ಅಣ್ಣ ತಮ್ಮ, ಅಕ್ಕ ತಂಗಿ?"

"ಹೇಳಿದೆನಲ್ಲ. ಯಾರೂ ಇಲ್ಲ."

"ಹಾಗಾದ್ರೆ ಬಿಡಕ್ಕಾಗಲ್ಲ ಸಾರ್."

"ಅಯ್ಯೋ, ನನಗೆ ಹೇಳಿ ಹೋಗ್ಲಿ ಬಿಡಪ್ಪ," ಎಂದಳು ಬೇಕರಿಯಾಕೆ. "ನಮ್ಮದು ಇಲ್ಲೇ ಸುತ್ತಾಟ. ಎಲ್ಲಿಗೆ ಹೋಗ್ತೀರಿ ಸಾರ್?"

"ಆ ಬೋಳುಗುಡ್ಡದ ಹತ್ತಿರ. ಕತ್ತಲಾಗೋಕೆ ಮುಂಚೆ ಬರ್ತೀನಿ."

"ಸರಿ, ನಾನು ನೋಡ್ತಿರ್ತೀನಿ," ಎಂದಳು. ಇವನು ತಲೆಯಾಡಿಸಿ ದೋಣಿ ಹತ್ತಿದ. ಅವಳ ಮಾತನ್ನು ಅಂಗಡಿಯವರು ಮತ್ತೆ ಬನ್ನಿ ಎನ್ನುವ ಮಾತಿನಷ್ಟೇ ಲೆಕ್ಕಕ್ಕೆ ತೆಗೆದುಕೊಂಡ.

ನಡುನೀರಿನಲ್ಲಿ ಅಭ್ಯಾಸಬಲದಿಂದ ತಿರುಗಿ ನೋಡಿದ. ದಡದ ತುಂಬ ಜನ, ಕಾರು, ಬಣ್ಣದ ದೋಣಿಗಳು. ಆ ಗುಂಪಿನಲ್ಲಿ ನೋಡಬೇಕಾದದ್ದು ಒಂದೂ ಇರಲಿಲ್ಲ. ಗಾಳ ಹಾಕುವ ಮನಸ್ಸಾಗಲಿಲ್ಲ. ಬೋಳುಗುಡ್ಡದ ನೆರಳಿನಲ್ಲಿ ಸುಮ್ಮನೆ ಕೂತ, ತಂದ ಬ್ರೆಡ್ಡು ತಿಂದ, ಅರ್ಧ ನೀರಿಗೆಸೆದ. ಇಷ್ಟು ದೊಡ್ಡ ನೀರಿನಲ್ಲಿ ತಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎನ್ನಿಸಿತು. ಅಳು ಬಂತು. ಕೇಳುವವರಿಲ್ಲದ ಕಡೆ ಅಳುವುದೂ ಬೇಜಾರು, ಬೇಗ ನಿಂತಿತು.

ಸಂಜೆ ಗಾಳಿ ಎದ್ದಿತು. ನೋಡನೋಡುತ್ತಿದ್ದಂತೆ ನೀರು ಕಪ್ಪಾಗಿ, ಅಲೆಗಳು ದೋಣಿಯೊಳಕ್ಕೆ ಹಾರತೊಡಗಿದವು. ಇಲ್ಲಿ ನಮ್ಮ ತಮ್ಮ ಬುದ್ಧಿವಂತಿಕೆಯನ್ನೇ ತೋರಿಸಿದ. ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡು, ತಗ್ಗಿ ಕೂತು, ನಡುನೀರು ದಾಟುವ ಸಾಹಸ ಮಾಡದೆ ಹತ್ತಿರದ ಆಚೆ ದಡಕ್ಕೆ ತಿರುಗಿಸಿದ. ಅಲ್ಲಿ ಗುಡ್ಡದ ಮರೆಯಲ್ಲಿ ದೋಣಿ ಕಟ್ಟುವ ಹಳೆಯ ಮರದ ಅಟ್ಟಣೆಯೊಂದು ಇತ್ತು. ದೋಣಿ ಕಟ್ಟುತ್ತಿರುವಾಗ ಎದೆಯ ಮೇಲಿನ ಪ್ಲಾಸ್ಟಿಕ್ ಚೀಲದಲ್ಲಿ ಫೋನು ಬಡಿದುಕೊಂಡಿತು. ಅಕ್ಕ. ಒದ್ದೆ ಕೈ ಒರೆಸಿಕೊಂಡು ನೋಡಿದ. ನಿಲ್ಲುವವರೆಗೂ ನೋಡಿದ. ಆಮೇಲೆ ಆರಿಸಿಬಿಟ್ಟ.

ಮೇಲಿನ ರಸ್ತೆಯಲ್ಲಿ ಬಸ್ಸು ಸಿಕ್ಕಿತು. ಕಾರು ಟ್ರೇಲರ್ ನಾಳೆ ಬೆಳಿಗ್ಗೆ ತರೋಣ, ಅದನ್ನು ಯಾರು ಕೇಳುತ್ತಾರೆ ಎಂದುಕೊಂಡ. ಮನೆಗೆ ಬಂದು, ಬಿಸಿನೀರು ಸುರಿದುಕೊಂಡು, ಗುಬ್ಬಚ್ಚಿಯಂತೆ ಮುದುಡಿ ಮಲಗಿದ. ಬೇಕರಿಯಾಕೆಗೆ ತಿಳಿಸಬೇಕೆಂಬುದು ಅವನ ತಲೆಗೇ ಬರಲಿಲ್ಲ. ಮರೆತನೆಂದರೂ ತಪ್ಪಾಗುತ್ತದೆ. ಅಕ್ಕ ಇದ್ದಾಗ ಬಂದೆ ಎಂದು ಹೇಳುವ ಪ್ರಮೇಯವೇ ಇರಲಿಲ್ಲ, ದೋಣಿ ಕಂಡಕೂಡಲೇ ಅವಳು ಕಾರು ಚಾಲೂ ಮಾಡುತ್ತಿದ್ದಳು. ಅಕ್ಕ ಅಲ್ಲದ ಇನ್ನೊಬ್ಬರು ತನಗಾಗಿ ಕಾಯಬಹುದು ಎಂಬ ಯೋಚನೆ ಬರಲು ಅವನ ತಲೆಯಲ್ಲಿ ದಾರಿಯೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಸ್ಸಿಳಿದು ಇಳಿಜಾರಿಗೆ ಬಂದರೆ ಬಯಲಿನ ತುಂಬ ಖಾಲಿ ಟ್ರೇಲರುಗಳು. ದೋಣಿಗಳೆಲ್ಲ ನೀರಿನ ಮೇಲೆ ಒಂದೇ ಸಾಲಾಗಿ, ಬಟ್ಟೆ ಒಗೆಯುವವರು ಬಗ್ಗಿದ ಹಾಗೆ ಜನ ಬಗ್ಗಿ ನೀರು ನೋಡುತ್ತಿದ್ದಂತೆ, ಬೋಳುಗುಡ್ಡದ ಕಡೆ ಮೆಲ್ಲಗೆ ಸರಿಯುತ್ತಿದ್ದವು.

"ಏನಾಯ್ತಪ್ಪ?" ಎಂದು ಕಾವಲುಗಾರನ ಬೆನ್ನಿಗೆ ಕೇಳಿದ.

"ನಿನ್ನೆ ಹೋದವರೊಬ್ರು ಬಂದಿಲ್ಲ..." ಎನ್ನುತ್ತ ತಿರುಗಿದ ಕಾವಲುಗಾರನ ಬಾಯಿ ತೆರೆದೇ ಉಳಿಯಿತು. ಆಮೇಲೆ ಆ ಬಾಯಿಂದ ಬಂದದ್ದನ್ನೆಲ್ಲ ಬರೆಯುವುದು ಬೇಡ. "ಕಾರ್ ಇಲ್ಲೇ ಇದೆ, ಮನುಷ್ಯ ಇಲ್ಲ! ಭಾನುವಾರ ಯಾವ ಕಚೇರಿ ತೆಗೆದಿರುತ್ತೆ, ಕಾರ್ ನಂಬರ್ ಹಿಡ್ಕೊಂಡು ನಿಮ್ಮ ಮನೆ ಎಲ್ಲಿ ಅಂತ ಹುಡುಕ್ಲಿ? ಯಾರಿಗೆ ಫೋನ್ ಮಾಡ್ಲಿ? ಯಾರೂ ಇಲ್ಲ ಅಂದ್ರಲ್ಲ ನೀವು!"

ಬೇಕರಿಯಾಕೆ ಇಳಿಜಾರಿನ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದಳು. ನಿನ್ನೆಯದೇ ಬಟ್ಟೆ, ಕೂದಲು ಗಾಳಿಗೆ ಕೆದರಿತ್ತು. ಇವನನ್ನು ನೋಡಿ ಅರ್ಧ ಎದ್ದಳು, ಮತ್ತೆ ಕೂತಳು.

"ಜಾಕೆಟ್ ಹಾಕ್ಕೊಂಡಿದ್ರಾ ಇಲ್ವಾ ಅಂತ ನೆನಪು ಮಾಡ್ಕೊತಾ ಇದ್ದೆ," ಎಂದಳು. "ರಾತ್ರಿಯೆಲ್ಲ. ಎಲ್ರೂ ಅದನ್ನೇ ಕೇಳ್ತಿದ್ರು. ಒಂದ್ಸಲ ಹಾಕಿದ್ರು ಅನ್ಸೋದು, ಒಂದ್ಸಲ ಇಲ್ಲ ಅನ್ಸೋದು."

"ಹಾಕಿದ್ದೆ," ಎಂದ ತಮ್ಮ.

"ನಿಮ್ಮ ಹೆಸರೂ ಗೊತ್ತಿರ್ಲಿಲ್ಲ ನೋಡಿ. ಏನಂತ ಕೂಗೋದು ಅಂತ ದೋಣಿಯವರು ಕೇಳಿದ್ರು. ಸಾರ್ ಅಂತ ಕೂಗಿ ಅಂದೆ."

ಕಾವಲುಗಾರ ಹಾರ್ನು ಊದಿ ದೋಣಿಗಳನ್ನು ವಾಪಸು ಕರೆದ. ಒಂದೊಂದೇ ಬಂದು ಇಳಿಜಾರು ಹತ್ತಿದವು. ಕೆಲವರು ಬಾಯಿಗೆ ಬಂದಂತೆ ಬೈದರು, ಕೆಲವರು ಬೆನ್ನು ತಟ್ಟಿದರು, ನಿನ್ನೆ ಮನೆ ಕಟ್ಕೊಳ್ತೀರಾ ಎಂದು ಕೂಗಿದವನು ಕೈ ಹಿಡಿದುಕೊಂಡು ಬಿಡಲೇ ಇಲ್ಲ. ತಮ್ಮ ಎಲ್ಲರಿಗೂ ತಲೆ ತಗ್ಗಿಸಿ ಕ್ಷಮೆ ಕೇಳಿದ. ನಾಚಿಕೆಯಿಂದ ನೆಲಕ್ಕಿಳಿದುಹೋದ, ಸುಳ್ಳಲ್ಲ. ಆದರೆ ಆ ನಾಚಿಕೆಯ ಅಡಿಯಲ್ಲಿ ಸಂತೋಷವೊಂದು ಉಕ್ಕುತ್ತಿತ್ತು, ಅದನ್ನು ಅದುಮಿಡಲು ಅವನಿಂದ ಆಗಲಿಲ್ಲ. ನನ್ನನ್ನು ಹುಡುಕಿದರು. ಗುರುತಿಲ್ಲದವರು, ಗಾಳಿಯಲ್ಲಿ, ಕತ್ತಲಲ್ಲಿ, ನನ್ನನ್ನು ಹುಡುಕಿದರು.

ಜನ ಚದುರಿದ ಮೇಲೆ ಕಾರಿನಲ್ಲಿ ಕೂತು ಫೋನು ಹಚ್ಚಿದ. ಮದುವೆಯಾದಮೇಲೆ ಮೊದಲ ಸಲ ತಾನಾಗಿ ಅಕ್ಕನ ನಂಬರು ಒತ್ತಿದ. ತಾನು ಕಂಡದ್ದನ್ನು ಹೇಳಬೇಕಿತ್ತು. ಇನ್ನೂ ನಿಜ ಹೇಳಬೇಕೆಂದರೆ, ಅವಳಿಗೆ ಸ್ವಲ್ಪ ಚುಚ್ಚಬೇಕಿತ್ತು.

"ಅಯ್ಯೋ ನನ್ ರಾಜ! ಕೊನೆಗೂ ಅಕ್ಕನ ನೆನಪಾಯ್ತಾ?" ಎಂದಳು ಅಕ್ಕ. ಹಿಂದೆ ಪಾತ್ರೆ ತೊಳೆಯುವ ಸದ್ದು.

ಇವನು ಎಲ್ಲ ಹೇಳಿದ. ಗಾಳಿ, ಆಚೆ ದಡ, ಬಸ್ಸು, ಸಾಲುಗಟ್ಟಿದ ದೋಣಿಗಳು, ಮೆಟ್ಟಿಲ ಮೇಲೆ ಕೂತ ಬೇಕರಿಯಾಕೆ. "ನಾನು ಸತ್ತೇಹೋದೆ ಅಂದ್ಕೊಂಡಿದ್ರಂತೆ ಅಕ್ಕ. ಎಲ್ಲೆಲ್ಲಿಂದಲೋ ಜನ ಬಂದಿದ್ರು."

ಆ ಕಡೆ ನಲ್ಲಿ ನಿಂತಿತು.

"ನನಗ್ಯಾಕೆ ಯಾರೂ ಫೋನ್ ಮಾಡ್ಲಿಲ್ಲ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ನನಗೆ ಯಾರೂ ಇಲ್ಲ ಅಂತ ಹೇಳಿದ್ದೆ."

ಅಕ್ಕ ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನಿನ್ನೆ ಸಂಜೆ ನಾನು ಫೋನ್ ಮಾಡಿದ್ದೆ ಕಣೋ," ಎಂದಳು. ಅವಳ ಸ್ವರ ಬೇರೆಯಾಗಿತ್ತು. "ನೀನು ಎತ್ತಲಿಲ್ಲ. ಮೊದಮೊದಲು ನೀನು ಎತ್ತದೆ ಇದ್ರೆ ನನಗೆ ಊಟ ಸೇರ್ತಿರ್ಲಿಲ್ಲ. ಪೆಟ್ಟಿಗೆ ಕಟ್ಟಿ, ರೈಲ್ವೆ ಸ್ಟೇಷನ್‌ವರೆಗೂ ಹೋಗಿದ್ದೆ, ನಿಮ್ಮ ಭಾವ ಸಮಾಧಾನ ಮಾಡಿ ವಾಪಸ್ ಕರ್ಕೊಂಡು ಬಂದಿದ್ರು. ಆಮೇಲಾಮೇಲೆ ಅಭ್ಯಾಸ ಆಗೋಯ್ತು. ನಿನ್ನೆನೂ ಎತ್ತಲಿಲ್ಲ. ಇವನದ್ದು ಇದ್ದದ್ದೇ ಅಂದ್ಕೊಂಡೆ. ಊಟ ಮಾಡಿ ಮಲಗಿದೆ."

ತಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಒಳ್ಳೇ ನಿದ್ದೆ ಬಂತು ಕಣೋ ನನಗೆ," ಎಂದಳು ಅಕ್ಕ. ಆಮೇಲೆ ಅತ್ತಳು. ಇವನು ಅಕ್ಕಾ, ಅಕ್ಕಾ ಎಂದು ಕರೆಯುತ್ತಲೇ ಇದ್ದ.