ಅಣ್ಣನಿಗೆ ಹಾಕಿದ ಅಂಕ

ಕಾರ್ಖಾನೆ ಯಂತ್ರ ಕೊಡಬೇಕು, ಕಾಲೇಜು ಕೆಲಸಗಾರರನ್ನು ತಯಾರು ಮಾಡಿ ಕೊಡಬೇಕು. ಊರೆಲ್ಲ ಹೊಗಳಿದ ಈ ಒಪ್ಪಂದಕ್ಕಾಗಿ, ಕಾಲೇಜಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸ ಕಲಿಸುವ ಮೇಷ್ಟ್ರು ಎರಡು ವರ್ಷ ಚಪ್ಪಲಿ ಸವೆಸಿದ್ದರು. ಪರೀಕ್ಷೆಗೆ ಅಂಕ ಹಂಚುವ ಪಟ್ಟಿಯನ್ನೂ ಅವರೇ ಕೂತು ಬರೆದದ್ದು. ಕಾರ್ಖಾನೆಯವರು ಅದನ್ನು ಎಷ್ಟು ಮೆಚ್ಚಿಕೊಂಡರೆಂದರೆ, ಇನ್ನು ಮುಂದೆ ತಮ್ಮಲ್ಲಿರುವ ಹಳಬ ಕೆಲಸಗಾರರೂ ಆ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಮನೆಗೆ ನಡೆಯಬೇಕು ಎಂದುಬಿಟ್ಟರು.

ಹಳಬರಲ್ಲಿ ಮೇಷ್ಟರ ಅಣ್ಣನೂ ಒಬ್ಬ. ಮೂವತ್ತು ವರ್ಷ ಲೇತ್ ಮುಂದೆ ನಿಂತವನು. ತಮ್ಮನಿಗೆ ಕೈಹಿಡಿದು ಕೆಲಸ ಕಲಿಸಿದವನೂ ಅವನೇ.

"ಹೆದರ್ಬೇಡ ಕಣೋ, ನಿನ್ನ ಮರ್ಯಾದೆ ತೆಗೆಯಲ್ಲ," ಎನ್ನುತ್ತ ಪರೀಕ್ಷೆಯ ದಿನ ಕಾಲೇಜಿನ ವರ್ಕ್‌ಶಾಪಿನಲ್ಲಿ ಅಣ್ಣ ಏಪ್ರನ್ ಕಟ್ಟಿಕೊಂಡ.

"ಅಳತೆ ಹಾಳೆ ತುಂಬೋದು ಮಾತ್ರ ಮರೀಬೇಡಣ್ಣ."

"ಹತ್ತು ಸಲ ಹೇಳಿದ್ದೀಯ ಮಾರಾಯ!"

ಯಂತ್ರ ತಿರುಗತೊಡಗಿದ್ದೇ ತಡ, ಅಣ್ಣ ಜಗತ್ತನ್ನೇ ಮರೆತ. ಕಬ್ಬಿಣದ ಸದ್ದಿಗೆ ಕಿವಿಗೊಟ್ಟ, ಯಂತ್ರ ನಿಲ್ಲಿಸಿ ಬಿಸಿ ತುಂಡನ್ನು ಹೆಬ್ಬೆರಳಿನಿಂದ ಸವರಿದ, ಇನ್ನೊಂದು ಕೂದಲೆಳೆಯಷ್ಟು ತೆಗೆದ. ಮೈಕ್ರೋಮೀಟರ್ ಡಬ್ಬಿಯಿಂದ ಹೊರಗೇ ಬರಲಿಲ್ಲ. ಅದರಲ್ಲಿ ಮೂರು ಸಲ ಅಳೆದು ಹಾಳೆಯಲ್ಲಿ ಬರೆದರೆ ನಲವತ್ತು ಅಂಕ. ಪಾಸಾಗಲು ಎಪ್ಪತ್ತು ಬೇಕು.

ಅಷ್ಟರಲ್ಲಿ, ಪರೀಕ್ಷೆ ನೋಡಲು ಬಂದಿದ್ದ ಕಾರ್ಖಾನೆಯ ಮ್ಯಾನೇಜರ್ ಫೋನ್ ಹಿಡಿದು ಹೊರಗೆ ಹೋದರು. ಮೇಷ್ಟರ ಕಣ್ಣು ಖಾಲಿ ಹಾಳೆಯ ಮೇಲೇ ಇತ್ತು. ಒಂದು ಮಾತು ಸಾಕಿತ್ತು. ಆದರೆ ಅಣ್ಣನಿಗೆ ಹೇಳಿಕೊಟ್ಟದ್ದು ಗೊತ್ತಾದರೆ, ಕಾರ್ಖಾನೆಯಿಂದ ಮುಂದಿನ ವಾರ ಬರಲಿರುವ ಹೊಸ ಯಂತ್ರ ಕೈತಪ್ಪೀತು ಅನ್ನಿಸಿತು. ಊರಿಗೆಲ್ಲ ಪಾಠ ಹೇಳುವ ಮನುಷ್ಯ ಒಡಹುಟ್ಟಿದವನಿಗೆ ಅಷ್ಟೂ ಹೇಳಲಿಲ್ಲ.

ತುಂಡು ಆರಿದ ಮೇಲೆ ಮ್ಯಾನೇಜರೇ ಅಳೆದರು. ಎಳ್ಳಷ್ಟೂ ತಪ್ಪಿರಲಿಲ್ಲ.

"ಕೆಲಸ ಏನೋ ಬೊಂಬಾಟ್. ಆದ್ರೆ ಹಾಳೆ ಖಾಲಿ ಇದೆಯಲ್ಲ. ನಿಮ್ಮ ಪಟ್ಟಿ ಪ್ರಕಾರ ಎಷ್ಟಾಯ್ತು ಮೇಷ್ಟ್ರೇ?"

"ಅರವತ್ತು, ಸಾರ್."

"ಛೆ, ಪಾಪ. ಈ ತುಂಡನ್ನ ಇಲ್ಲೇ ಇಟ್ಕೊಳ್ಳಿ. ವಿದ್ಯಾರ್ಥಿಗಳಿಗೆ ಮಾದರಿ ಅಂತ ತೋರಿಸ್ಬಹುದು." ಮ್ಯಾನೇಜರ್ ಸಹಿ ಹಾಕಿ ಹೊರಟರು.

ಅಣ್ಣ ಖಾಲಿ ಹಾಳೆಯನ್ನೇ ನೋಡುತ್ತ ನಿಂತಿದ್ದ.

"ನಾನು ಬರೆದಿಲ್ಲ ಅನ್ನೋದು ನಿಂಗೆ ಯಾವಾಗ ಗೊತ್ತಾಯ್ತೋ?"

"ಈಗಲೇ ಅಣ್ಣ, ಅವರು ಹೇಳಿದಾಗ."

ಕೂದಲೆಳೆಯಷ್ಟು ಹೆಚ್ಚುಕಮ್ಮಿಯನ್ನು ಹೆಬ್ಬೆರಳಲ್ಲೇ ಕಂಡುಹಿಡಿಯುವವನಿಗೆ ತಮ್ಮನ ಸುಳ್ಳು ತಿಳಿಯಲು ಎಷ್ಟು ಹೊತ್ತು ಬೇಕು?

"ಸರಿ ಬಿಡು," ಎಂದ ಅಣ್ಣ. ಏಪ್ರನ್ ಬಿಚ್ಚಿ, ನೀಟಾಗಿ ಮಡಿಸಿ, ಆ ಹಾಳೆಯ ಮೇಲಿಟ್ಟು ಹೊರಟುಹೋದ.